ಒಂದೇ ಗೂಡಲ್ಲಿ ಅಜ್ಜಿಕೋಳಿಯೂ ಮರಿಗಳೂ

ಮೊನ್ನೆ ನನ್ನ ತಮ್ಮನ ಮಗ ಹೊಸ ಮರಿಗಳನ್ನು ತಂದವನೇ ದೊಡ್ಡ ಕೋಳಿಗಳ ನಡುವೆ ಬಿಟ್ಟುಬಿಟ್ಟ. "ಅವೇ ಹೊಂದಿಕೊಳ್ಳುತ್ತವೆ ಬಿಡಿ ಅತ್ತೆ" ಅಂದ. ಸಂಜೆ ಹೋಗಿ ನೋಡಿದರೆ ಎರಡು ಮರಿ ಮೂಲೆಯಲ್ಲಿ ತಲೆ ತೂರಿಸಿಕೊಂಡು ನಡುಗುತ್ತಿದ್ದವು. ಇನ್ನೊಂದರ ನೆತ್ತಿ ಕುಕ್ಕಿಸಿಕೊಂಡು ಕೆಂಪಗಾಗಿತ್ತು. ಸಾಲದ್ದಕ್ಕೆ ಎಲ್ಲಕ್ಕೂ ಸೇರಿ ಒಂದೇ ತಟ್ಟೆ, ಅದರ ತುಂಬಾ ಲೇಯರ್ ಫೀಡ್. ಅವನಿಗೆ ಬೈದು ಮುಗಿಸಿದರೂ ನನ್ನ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಹಾರದ ಮಾತು. ಲೇಯರ್ ಫೀಡ್ ಇರುವುದು ಮೊಟ್ಟೆ ಇಡುವ ಕೋಳಿಗೆ. ಅದರಲ್ಲಿ ಸುಣ್ಣದಂಶ ನೂರಕ್ಕೆ 3.5ರಿಂದ 4 ಪಾಲು ಇರುತ್ತದೆ, ಚಿಪ್ಪು ಗಟ್ಟಿಯಾಗಲಿ ಅಂತ. ಮರಿಗೆ ಸುಮಾರು 1 ಪಾಲು ಸಾಕು. ಮಿಕ್ಕಿದ್ದು ಅದರ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಆಮೇಲೆ ಒಂದು ದಿನ ಸುಮ್ನೆ ಮಂಕಾಗಿ ಬೀಳುತ್ತದೆ. ಮೊಟ್ಟೆ ಇಡುವ ವಯಸ್ಸು ಬರುವ ತನಕ, ಅಂದರೆ ಹೆಚ್ಚುಕಡಿಮೆ 18 ವಾರದ ತನಕ, ಆ ಚೀಲ ಅವುಗಳ ಹತ್ತಿರ ಬರಬಾರದು.

ಹಾಗಾದರೆ ಎರಡು ಚೀಲ ಇಟ್ಟುಕೊಂಡು ದಿನವಿಡೀ ಕಾವಲು ಕಾಯಬೇಕಾ? ಬೇಡ. ಒಟ್ಟಿಗೆ ಇರುವಷ್ಟು ದಿನ ಎಲ್ಲಕ್ಕೂ ಬೆಳೆಯುವ ಮರಿಗಳ ಫೀಡನ್ನೇ ಹಾಕಿ. ದೊಡ್ಡವು ಅದನ್ನು ತಿಂದರೆ ತೊಂದರೆಯಿಲ್ಲ, ಚಿಪ್ಪು ತೆಳ್ಳಗಾಗುತ್ತದೆ ಅಷ್ಟೆ. ಅದಕ್ಕೆ ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಚೂರು ಇಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ, ಮರಿ ಒಂದೆರಡು ಸಲ ಕುಕ್ಕಿ ನೋಡಿ ಬಿಟ್ಟುಬಿಡುತ್ತದೆ. ಮೊಟ್ಟೆಚಿಪ್ಪೇ ಹಾಕುವುದಾದರೆ ಚೆನ್ನಾಗಿ ಒಣಗಿಸಿ ಪುಡಿ ಮಾಡಿ. ಅರ್ಧ ಮೊಟ್ಟೆಯ ಆಕಾರದಲ್ಲೇ ಎಸೆದರೆ ನಾಳೆ ಅವು ಇಟ್ಟ ಮೊಟ್ಟೆಯನ್ನೇ ಒಡೆದು ತಿನ್ನಲು ಕಲಿಯುತ್ತವೆ, ಆಗ ನನ್ನನ್ನು ಕೇಳಬೇಡಿ. ಫೀಡ್ ಚೀಲದ ಮೇಲೆ ಔಷಧಿ ಬೆರೆಸಿದೆ ಅಂತ ಬರೆದಿದ್ದರೆ ಅದನ್ನು ಮೊಟ್ಟೆ ಕೋಳಿಗೆ ಹಾಕಬೇಡಿ. ಆ ಮೊಟ್ಟೆ ತಿನ್ನುವವರು ನೀವೇ ಅಲ್ವಾ? ಬೂಸಲು ಹಿಡಿದ ಕಾಳನ್ನೂ "ಕೋಳಿಗೆ ತಾನೇ" ಅಂತ ಸುರಿಯಬೇಡಿ, ಅದು ವಿಷವೇ.

ತೀರಾ ಎಳೆಯವನ್ನು ಸೇರಿಸುವ ಮಾತೇ ಇಲ್ಲ. ಮೊದಲ ವಾರ ಅವಕ್ಕೆ 35 ಡಿಗ್ರಿಯ ಹತ್ತಿರ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ನಾನು ಮರಿಗಳನ್ನೇ ನೋಡಿ ಅಳೆಯುವವಳು. ಗುಂಪಾಗಿ ಒತ್ತಿಕೊಂಡರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಬೇರೆ ಕಡೆಯಿಂದ ತಂದವಾದರೆ ಮೂರು ನಾಲ್ಕು ವಾರ ಪೂರ್ತಿ ದೂರ ಇಡಿ, ರೋಗ ಇದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ಆಮೇಲೆ ನಡುವೆ ಜಾಲರಿ ಹಾಕಿ, ಒಂದನ್ನೊಂದು ನೋಡಲಿ, ಮುಟ್ಟುವುದು ಬೇಡ. ಕಾವು ಕೂತ ಕೋಳಿಯೇ ಮರಿ ಮಾಡಿದ್ದರೆ ನಿಮಗೆ ಅರ್ಧ ಕೆಲಸ ಕಡಿಮೆ. ತಾಯಿ ರೆಕ್ಕೆ ಕೆದರಿ ನಿಂತರೆ ಹುಂಜವೂ ಹಿಂದೆ ಸರಿಯುತ್ತದೆ.

ಈಗ ನಾನು ಆಣೆ ಇಟ್ಟು ಹೇಳುವ ವಿಷಯ: ಮರಿಪೆಟ್ಟಿಗೆ. ಜಾಲರಿ ತೆಗೆದ ಮೇಲೆ ಮರಿ ಮಾತ್ರ ನುಗ್ಗುವ, ದೊಡ್ಡ ಕೋಳಿ ನುಗ್ಗಲಾಗದ ಒಂದು ಜಾಗ ಇರಲೇಬೇಕು. ಹಳೆಯ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ನಾಲ್ಕು ಮೂಲೆಗೂ ಇಟ್ಟಿಗೆ ಕೊಡಿ. ಸಂದು ಎಷ್ಟು ಅಂದರೆ, ನೀವು ಮುಷ್ಟಿ ಕಟ್ಟಿ ನೆಲದ ಮೇಲೆ ಇಟ್ಟರೆ ಮೇಲೆ ಸ್ವಲ್ಪ ಗಾಳಿ ಆಡಬೇಕು. ಮರಿ ಬೆಳೆದ ಹಾಗೆ ಇಟ್ಟಿಗೆಯ ಮೇಲೆ ಒಂದೊಂದು ಹಲಗೆ ಚೂರು ಏರಿಸಿ. ಪೆಟ್ಟಿಗೆಯ ನೆತ್ತಿಗೆ ದೊಡ್ಡ ಕಲ್ಲು ಹೇರಿ. ಹೇರದಿದ್ದರೆ ಹುಂಜ ಹಾರಿ ಕೂತು ಉರುಳಿಸುತ್ತದೆ, ಮರಿ ಕೆಳಗೆ ಸಿಕ್ಕಿಕೊಳ್ಳುತ್ತದೆ. ತಟ್ಟೆಯನ್ನು ಸರಿಯಾಗಿ ನಡುವೆ ಇಡಿ. ಅಂಚಿಂದ ಒಂದೂವರೆ ಗೇಣಾದರೂ ಒಳಗಿರಲಿ. ಹೇಂಟೆಯ ಕತ್ತು ನೋಡಲು ಗಿಡ್ಡ, ಆಸೆ ಹುಟ್ಟಿದರೆ ಹಾವಿನ ಹಾಗೆ ಉದ್ದವಾಗುತ್ತದೆ.

ಇನ್ನೊಂದು ಮಾತು, ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ. ನಾನು ಹೊಸದರಲ್ಲಿ ಜಾಣತನ ಮಾಡಿ ಮೂಲೆಗೆ ಒತ್ತಿ, ಒಂದೇ ಬಾಗಿಲು ಬಿಟ್ಟಿದ್ದೆ. ಒಂದು ಹಟಮಾರಿ ಹೇಂಟೆ ಅಲ್ಲೇ ಕಾವಲು ಕೂತಿತು. ಒಳಗಿನ ಮರಿಗಳು ಬೆಳಗಿಂದ ಮಧ್ಯಾಹ್ನದ ತನಕ ನೀರಿಲ್ಲದೆ ಇದ್ದವು. ನಮ್ಮತ್ತೆ ಬಂದು ಏನೂ ಮಾತಾಡದೆ ಪೆಟ್ಟಿಗೆಯನ್ನು ಕಾಲಲ್ಲಿ ಅಂಗಳದ ಮಧ್ಯಕ್ಕೆ ತಳ್ಳಿ ಹೋದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ. ಕಡೇ ಪಕ್ಷ ಎರಡು ಕಡೆ ದಾರಿ ಇರಲಿ. ಜಾಲರಿ ತೆಗೆಯುವ ನಾಲ್ಕು ದಿನ ಮೊದಲೇ ಪೆಟ್ಟಿಗೆಯನ್ನು ಮರಿಗಳ ಕಡೆ ಇಟ್ಟು ರೂಢಿ ಮಾಡಿಸಿ. ಹೆದರಿದಾಗ ಓಡುವುದು ಎಲ್ಲಿಗೆ ಅಂತ ಕಾಲಿಗೆ ಗೊತ್ತಿರಬೇಕು.

ನೀರಿನ ತಟ್ಟೆ ತಗ್ಗಾಗಿರಲಿ, ಎಳೆಯವಕ್ಕೆ ಒಳಗೆ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಮುಳುಗುತ್ತವೆ. ದಿನಾ ಬೆರಳು ಹಾಕಿ ಉಜ್ಜಿ, ಒಳಗೆ ಲೋಳೆ ಹಿಡಿದಿರುತ್ತದೆ. ಈಗಿನವರು ನೀರಿನ ಬಾಟಲಿ ತೊಳೆಯುವುದೂ ಹೀಗೇ, ಮೇಲೆಲ್ಲ ಥಳಥಳ, ಮುಚ್ಚಳದ ರಬ್ಬರ್ ಬಿಚ್ಚಿ ನೋಡಿದರೆ ಒಳಗೆ ಕಪ್ಪು. ಹೋಗಲಿ.

ಗೂಡಿನಲ್ಲಿ ರಾತ್ರಿ ಕೂರುವ ಕೋಲು ಕೋಳಿಗೊಂದು ಗೇಣಿನಂತೆ ಇರಲಿ. ಚಿಕ್ಕವಕ್ಕೆ ತಗ್ಗಿನಲ್ಲಿ ಇನ್ನೊಂದು ಕೋಲು ಬೇಕು. ಮೇಲಿನದಕ್ಕೆ ದೊಡ್ಡವು ಹತ್ತಲು ಬಿಡುವುದಿಲ್ಲ. ಮೊಟ್ಟೆ ಗೂಡು ನಾಲ್ಕು ಹೇಂಟೆಗೆ ಒಂದು ಸಾಕು, ಕೋಲಿಗಿಂತ ಕೆಳಗಿರಲಿ. ಸಂಜೆ ಅದರ ಬಾಯಿ ಮುಚ್ಚಿ, ಇಲ್ಲದಿದ್ದರೆ ಚಿಕ್ಕವು ಅಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ಗಾಳಿಗೆ ಕಿಂಡಿ ಮೇಲ್ಗಡೆ ಇರಬೇಕು. ನೆಲಕ್ಕೆ ಹಾಸಿದ ಹೊಟ್ಟು ಬದಲಿಸಬೇಕಾ ಅಂತ ನಿಂತುಕೊಂಡು ಮೂಸಬೇಡಿ, ಬಗ್ಗಿ ಮರಿಯ ಎತ್ತರಕ್ಕೆ ಮೂಗು ತನ್ನಿ. ಕಣ್ಣು ಉರಿದರೆ ಅವತ್ತೇ ತೆಗೆಯಿರಿ. ಇನ್ನು ಆ ತೆಳ್ಳನೆ ಕೋಳಿ ಜಾಲರಿ, ಅದು ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ಮುಂಗುಸಿಯನ್ನೋ ನಾಯಿಯನ್ನೋ ಹೊರಗೆ ಇಡುವುದಿಲ್ಲ. ಮರಿ ಇರುವ ಕಡೆ ಅರ್ಧ ಇಂಚಿನ ದಪ್ಪ ತಂತಿಯ ಜಾಲರಿಯೇ ಬೇಕು.

ಚಿಕ್ಕ ಹೇಂಟೆ ಬೆನ್ನು ಮುಟ್ಟಿದರೆ ಕುಕ್ಕರಿಸಿ ಕೂರಲು ಶುರು ಮಾಡಿತೆಂದರೆ ಮೊಟ್ಟೆ ದೂರವಿಲ್ಲ. ಗುಂಪಿನ ಕೊನೆಯ ಚಿಕ್ಕದೂ ಮೊಟ್ಟೆಗೆ ಬಂದ ಮೇಲೆ ಲೇಯರ್ ಚೀಲ ಬಿಚ್ಚಿ. ಮರಿಪೆಟ್ಟಿಗೆಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿ. ಸೌದೆ ಮಾಡಿಬಿಡಬೇಡಿ, ಯಾವುದಾದರೂ ಹೇಂಟೆ ಮತ್ತೆ ಕಾವಿಗೆ ಕೂತೇ ಕೂರುತ್ತದೆ.