ಓಕ್ಪಾ ಮಾಡುವಾಗ ನೀರಿಗೆ ಹೆದರಬೇಡಿ

ಓಕ್ಪಾ ಅಂದರೆ ಬಂಬಾರಾ ಕಡಲೆ ಹಿಟ್ಟಿನ ಕಡುಬು. ಬಂಬಾರಾ ಕಡಲೆ ಪಶ್ಚಿಮ ಆಫ್ರಿಕಾದ ಕಾಳು. ಶೇಂಗಾದ ಹಾಗೇ ಮಣ್ಣಿನೊಳಗೆ ಕಾಯಿ ಬಿಡುತ್ತದೆ, ಮಳೆ ಕೈಕೊಟ್ಟರೂ ತಡೆದುಕೊಳ್ಳುತ್ತದೆ. ಎಣ್ಣೆಯಂಶ ಕಡಿಮೆ, ಹಾಗಾಗಿ ದಕ್ಷಿಣ ಅಮೆರಿಕದಿಂದ ಶೇಂಗಾ ಬಂದಮೇಲೆ ಇದು ಮೂಲೆ ಸೇರಿತು. ಆದರೆ 100 ಗ್ರಾಂ ಕಾಳಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ! ನೈಜೀರಿಯಾದ ಎನುಗು ಕಡೆಯ ಇಗ್ಬೊ ಜನರಂತೂ ಇದನ್ನು ಬಿಟ್ಟಿಲ್ಲ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ 'ಓಕ್ಪಾ ದಿ ಓಕು', ಅಂದರೆ ಬಿಸಿ ಓಕ್ಪಾ, ಅಂತ ಕೂಗಿ ಮಾರುವ ಹಳದಿ ಕಡುಬು ಈ ಕಾಳಿನದೇ.

ಅರ್ಧ ಕಿಲೋ ಬಂಬಾರಾ ಕಡಲೆ ಹಿಟ್ಟು ಜರಡಿ ಹಿಡಿಯಿರಿ. ಉಪ್ಪು, ಕುಟ್ಟಿದ ಮೆಣಸಿನಕಾಯಿ ಹಾಕಿ.

ಏಳೆಂಟು ಚಮಚ ಕೆಂಪು ತಾಳೆ ಎಣ್ಣೆ ಹಾಕಿ, ಹಿಟ್ಟೆಲ್ಲ ಹಳದಿಯಾಗುವವರೆಗೆ ಕೈಯಲ್ಲೇ ಉಜ್ಜಿ. ಅಂಗಡಿಯ ಬಿಳಿಚಿಕೊಂಡ ಪಾಮೆಣ್ಣೆ ಬೇಡವೇ ಬೇಡ, ಬಣ್ಣವೂ ಬರಲ್ಲ, ಘಮವೂ ಬರಲ್ಲ.

ಈಗ ನೀರು. ಎಲ್ಲರೂ ಎಡವುವುದು ಇಲ್ಲೇ. ಇಡ್ಲಿ ಹಿಟ್ಟಿನ ಹದಕ್ಕೆ ಬಂದ ಕೂಡಲೇ ಕೈ ನಿಲ್ಲಿಸುತ್ತಾರೆ, ಬೆಂದಮೇಲೆ ಇಟ್ಟಿಗೆ ಹಾಗೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದೇ ಇಲ್ಲ. ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿಯೇ ಬೇಕು. ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ, ಗಂಟಿಲ್ಲದಂತೆ ಕದಡುತ್ತಾ ಹೋಗಿ, ಸೌಟು ಎತ್ತಿದರೆ ಹಿಟ್ಟು ಮಜ್ಜಿಗೆಯಂತೆ ಸುರಿದು ಬೀಳಬೇಕು. ಇದು ಕಡುಬಾಗುತ್ತದೆಯೇ ಅನಿಸುತ್ತದೆ, ಆಗುತ್ತದೆ. ಬಿಸಿ ತಾಗಿದ ಮೇಲೆ ಕಾಳಿನ ಪಿಷ್ಟ, ಪ್ರೋಟೀನ್ ಎರಡೂ ಸೇರಿ ಅಷ್ಟೂ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕುದಿನೀರು ಮಾತ್ರ ಸುರಿಯಬೇಡಿ, ಹಿಟ್ಟು ಪಾತ್ರೆಯಲ್ಲೇ ಗಂಟುಗಂಟಾಗಿ ಬೇಯುತ್ತದೆ. ಸೋಡಾ, ಬೇಕಿಂಗ್ ಪೌಡರ್ ಯಾವುದೂ ಬೇಡ.

ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಲೆಯನ್ನು ಪೊಟ್ಟಣ ಮಾಡಿ ಹಿಟ್ಟು ಹುಯ್ದು ಕಟ್ಟಿ. ಪ್ರತಿ ಸಲವೂ ತಳದಿಂದ ಕದಡಿ, ಇಲ್ಲದಿದ್ದರೆ ಕೊನೆಯ ಪೊಟ್ಟಣಕ್ಕೆ ಬರೀ ಗಸಿ. ಈಚೆಗೆ ಪ್ಲಾಸ್ಟಿಕ್ ಚೀಲದಲ್ಲಿ ಬೇಯಿಸುವವರು ಜಾಸ್ತಿ. ಸುಲಭ ನಿಜ, ಆದರೆ ಕುದಿಯುವ ಪ್ಲಾಸ್ಟಿಕ್‌ನಲ್ಲಿ ಮಕ್ಕಳ ತಿಂಡಿ ಯಾಕೆ ಮಾಡಬೇಕು? ಎಲೆ ಸಿಗದಿದ್ದರೆ ಸ್ಟೀಲ್ ಬಟ್ಟಲು ಸಾಕು.

ನೀರು ಕುದಿ ಬಂದಮೇಲೇ ಪೊಟ್ಟಣ ಇಟ್ಟು ಒಂದು ಗಂಟೆ ಬೇಯಿಸಿ. ಅವಸರ ಬೇಡ. ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳಿವೆ, ಚೆನ್ನಾಗಿ ಬೆಂದರೇ ಅವು ಕಡಿಮೆಯಾಗುವುದು. ಎಲೆಯ ಮೇಲಿಂದ ಒತ್ತಿ ನೋಡಿ, ನಡುವೆ ಮೆತ್ತಗಿದ್ದರೆ ಇನ್ನೂ ಆಗಿಲ್ಲ.

ಜೊತೆಗೆ ಅಲ್ಲಿಯವರಂತೆ ಹುಳಿ ಬರಿಸಿದ ಮೆಕ್ಕೆಜೋಳದ ಗಂಜಿ, ಅಕಾಮು ಕುಡಿಯಿರಿ. ಪ್ರೋಟೀನಿನ ಘಟಕಗಳಲ್ಲಿ ಲೈಸಿನ್ ಈ ಕಾಳಿನಲ್ಲಿ ಚೆನ್ನಾಗಿದೆ, ಮೆಥಿಯೋನಿನ್ ಕಡಿಮೆ. ಮೆಕ್ಕೆಜೋಳದಲ್ಲಿ ಅದು ತಿರುಗುಮುರುಗು, ಹಾಗಾಗಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.