ಓವರ್‌ಹಾಲ್ ಆದಮ್ಯಾಲೂ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಸ್ಲಿಪ್ ಆಗಾಕತ್ತೈತೇನ್ರಿ? ಹೊಳ್ಳಿ ಇಳಸೂಕಿಂತ ಮದ್ಲ ಇವನ್ನ ನೋಡ್ರಿ

ನಮ್ಮ ಕಾಕಾನ ಹಂತೇಕ ಒಂದು ಹಳೇ ಮಾರುತಿ ಎಸ್ಟೀಮ್ ಕಾರ್ ಐತಿ, ಮೂರು ಗೇರಿನ ಆಟೋಮ್ಯಾಟಿಕ್. ಗೇರ್ ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟು, ಸೀಲ್ ಕಿಟ್ಟು ಎಲ್ಲಾ ಹೊಸಾದು ಹಾಕಿಸಿ ತಂದ ನಾಲ್ಕನೇ ದಿನಾ ನೃಪತುಂಗ ಬೆಟ್ಟದ ಏರಿನ್ಯಾಗ ಕಾಕಾ ರೇಸ್ ಒತ್ತಿದ್ರ ಎಂಜಿನ್ ಗುಂಯ್ ಅಂತ ಕೂಗತೈತಿ, ಗಾಡಿ ಮಾತ್ರ ಎತ್ತಿನ ಬಂಡಿ ಹಂಗ ಮೆಲ್ಲಕ ಏರತೈತಿ. ಗ್ಯಾರೇಜಿನ್ಯಾಂವ ಹೇಳಿದ್ದು ಒಂದ ಮಾತು, "ಮತ್ತ ಇಳಸಬೇಕಾಕ್ಕೈತ್ರಿ." ಇಳಸೂದಂದ್ರ ಮತ್ತ ಅಷ್ಟ ರೊಕ್ಕ, ಮತ್ತ ಹದಿನೈದು ದಿನ. ಕಡೀಕ ತ್ರಾಸು ಇದ್ದದ್ದು ಬಾಕ್ಸಿನ ಹೊರಗ, ಅದನ್ನ ಮುಂದ ಹೇಳ್ತೇನಿ.

ಮದ್ಲನೇ ಕೆಲಸ ಏನಂದ್ರ ಗಾಡಿ ಓಡಸೂದು ನಿಲ್ಲಸ್ರಿ. "ಸ್ವಲ್ಪ ಓಡಲಿ, ಪ್ಲೇಟ್ ಕುಂಡ್ರತಾವ" ಅಂತ ಯಾರರ ಹೇಳಿದ್ರ ಕಿವಿಗೆ ಹಾಕ್ಕೋಬ್ಯಾಡ್ರಿ. ಸ್ಲಿಪ್ ಅಂದ್ರ ಒಳಗ ಪ್ಲೇಟ್ ಒಂದಕ್ಕೊಂದು ಬಿಗಿಯಾಗಿ ಹಿಡೀಲಾರದ ತಿಕ್ಕಾಡಾಕತ್ತಾವ ಅಂತ ಅರ್ಥ, ತಿಕ್ಕಾಡಿದಷ್ಟೂ ಬಿಸಿ, ಬಿಸಿಯಾದಷ್ಟೂ ಪ್ಲೇಟಿನ ಮ್ಯಾಲಿನ ಲೈನಿಂಗ್ ಸುಡತೈತಿ, ಇವತ್ತ ಬರೇ ಪ್ಲೇಟನ್ನ ಒತ್ತಿ ಹಿಡಿಯೂ ಎಣ್ಣಿ ಪ್ರೆಶರ್ ಕಮ್ಮಿ ಇದ್ದ ತ್ರಾಸು ನಾಳೆ ಖರೇನ ಪ್ಲೇಟಿನ ತ್ರಾಸಾಗಿ ಕುಂತಬಿಡತೈತಿ.

ಆಮ್ಯಾಲ ಗೇರ್ ಬಾಕ್ಸಿನ ಎಣ್ಣಿ. ಓವರ್‌ಹಾಲ್ ಆದ ಬಾಕ್ಸು, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತೀನ ಎಣ್ಣಿ ಮೂಲಕ ಬಾಕ್ಸಿಗೆ ದಾಟಸೂದು), ಎಣ್ಣಿ ತಂಪ ಮಾಡೂ ಕೂಲರಿನ ಪೈಪು ಎಲ್ಲಾ ಒಣಾ ಇರ್ತಾವ, ಗ್ಯಾರೇಜಿನ್ಯಾಗ ಹಾಕಿ ಲೆವೆಲ್ ನೋಡಿದಾಗ ಬರೋಬ್ಬರಿ ಕಾಣತೈತಿ, ಎಂಜಿನ್ ಚಾಲೂ ಆಗಿ ಎಣ್ಣಿ ಎಲ್ಲಾ ಕಡೆ ತುಂಬಿದ ಮ್ಯಾಲ ಲೆವೆಲ್ ಇಳದಿರತೈತಿ, ಹೊಳ್ಳಿ ಯಾರೂ ನೋಡಿರಂಗಿಲ್ಲ. ಹಿಂಗ ನೋಡ್ರಿ: ಸಪಾಟ ಜಾಗಾದಾಗ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ಕಾಯಿಸ್ರಿ, ಬ್ರೇಕ್ ಒತ್ತಿ ಹಿಡದು ಲಿವರ್ ಪಿ (ಪಾರ್ಕ್) ಇಂದ ಎಲ್ (ಲೋ) ತನಕ ಒಂದೊಂದ ಮನಿಯೊಳಗ ಎರಡು ಮೂರು ಸೆಕೆಂಡ್ ನಿಲ್ಲಿಸಿ ಹೊಳ್ಳಿ ಪಿ ಗೆ ತಂದು, ಎಂಜಿನ್ ಬಂದ್ ಮಾಡ್ದಂಗ ಗೇರ್ ಬಾಕ್ಸಿನ ಡಿಪ್ ಸ್ಟಿಕ್ (ಎಣ್ಣಿ ಅಳಿಯೂ ಕಡ್ಡಿ) ತಗೀರಿ, ಹಾಟ್ ಅನ್ನೂ ಗುರ್ತಿನೊಳಗ ಬರಬೇಕು. ಇದು ಎಲ್ಲಾ ಗಾಡಿಗೂ ಒಂದ ಅಲ್ಲ ಮತ್ತ, ಹಳೇ ಹೋಂಡಾಕ್ಕ ಎಂಜಿನ್ ಬಂದ್ ಮಾಡಿ ಒಂದು ಒಂದೂವರೆ ನಿಮಿಷದೊಳಗ ನೋಡಬೇಕು, ಹಳೇ ಮಿತ್ಸುಬಿಷಿ, ಹ್ಯುಂಡೈಕ್ಕ ಎನ್ (ನ್ಯೂಟ್ರಲ್) ನೊಳಗ ಇಟ್ಟು ನೋಡಬೇಕು. ಎಣ್ಣಿ ಜಾಸ್ತಿ ಹಾಕಿದ್ರೂ ತ್ರಾಸನ, ಒಳಗ ತಿರಗೂ ಸಾಮಾನು ಎಣ್ಣೀನ ಮಜ್ಜಗಿ ಕಡದಂಗ ಕಡದು ನೊರಿ ಮಾಡತಾವ, ಪಂಪಿಗೆ ಗಾಳಿ ಹೋಗಿ ಪ್ರೆಶರ್ ಬೀಳತೈತಿ.

ಡಿಪ್ ಸ್ಟಿಕ್ಕನ್ನ ಬಿಳೀ ಅರಬಿಗೆ ಒರಸ್ರಿ. ಕೆಂಪಗ ತಿಳಿಯಾಗಿ ಹರಡಿದ್ರ ಚೊಲೋ. ಕಂದು ಬಣ್ಣ ಆಗಿ ಸುಟ್ಟ ವಾಸನಿ ಹೊಡದ್ರ ಪ್ಲೇಟ್ ಆಗಲೇ ಸುಡಾಕತ್ತಾವ. ಗುಲಾಬಿ ಬಣ್ಣದ ಲಸ್ಸಿ ಹಂಗ ಕಂಡ್ರ ರೇಡಿಯೇಟರ್ ಒಳಗಿನ ಕೂಲರ್ ಒಡದು ಕೂಲಂಟ್ ಎಣ್ಣಿಗೆ ಕೂಡೇತಿ ಅಂತ ತಿಳೀರಿ, ನೀರು ಕೂಡಿದ್ರ ಪ್ಲೇಟಿನ ಲೈನಿಂಗ್ ಬಿಟಗೊಂಡ ಬರತೈತಿ, ಆವಾಗ ಗಾಡಿ ಚಾಲೂ ಸೈತ ಮಾಡಬ್ಯಾಡ್ರಿ. ಮತ್ತ ಯಾವ ಎಣ್ಣಿ ಹಾಕ್ಯಾರ ಅಂತ ಡಬ್ಬಿ ತೋರಸಾಕ ಹೇಳ್ರಿ. ಡೆಕ್ಸ್ರಾನ್ ಕೇಳೂ ಬಾಕ್ಸ್ ಬ್ಯಾರೆ, ಟೊಯೋಟಾ ಟೈಪ್ ಟಿ-4 ಬ್ಯಾರೆ, ಹ್ಯುಂಡೈದ ಎಸ್‌ಪಿ-3 ಬ್ಯಾರೆ, "ಎಲ್ಲಾ ಕೆಂಪಂದ ಅಲ್ರೀ" ಅನ್ನೂ ಮಿಸ್ತ್ರಿಗೆ ದೂರಿಂದ ನಮಸ್ಕಾರ ಮಾಡ್ರಿ.

ಈಗ ಕಾಕಾನ ಗಾಡಿ ಕತಿ. ಎಣ್ಣಿ ಚೊಲೋನ ಇತ್ತು. ಹಳೇ ಆಟೋಮ್ಯಾಟಿಕ್ಕಿನ್ಯಾಗ ಆಕ್ಸಿಲರೇಟರ್ ಕೇಬಲ್ ಜೋಡಿ ಇನ್ನೊಂದು ಸಣ್ಣ ಕೇಬಲ್ ಥ್ರಾಟಲ್ಲಿಂದ ಗೇರ್ ಬಾಕ್ಸಿಗೆ ಹೋಗಿರತೈತಿ, ನೀವು ಎಷ್ಟು ರೇಸ್ ಒತ್ತೀರಿ ಅಂತ ಬಾಕ್ಸಿಗೆ ಹೇಳೂದ ಅದು, ಅದರ ಪ್ರಕಾರ ಒಳಗ ಎಣ್ಣಿ ಪ್ರೆಶರ್ ಏರತೈತಿ. ಬಾಕ್ಸ್ ಇಳಸೂವಾಗ ಅದನ್ನ ಬಿಚ್ಚಲೇಬೇಕು, ಹೊಳ್ಳಿ ಹಾಕೂವಾಗ ಸಡಲ ಬಿಟ್ರ ನೀವು ಎಷ್ಟ ಒತ್ತಿದ್ರೂ ಬಾಕ್ಸಿಗೆ "ಮೆಲ್ಲಕ ಹೊಂಟಾರ" ಅಂತನ ಸುದ್ದಿ. ನಾನು ಬಾನೆಟ್ ಎತ್ತಿ ಕಾಕಾಗ ಪೂರಾ ರೇಸ್ ಒತ್ತು ಅಂದೆ (ಎಂಜಿನ್ ಬಂದ್ ಮಾಡಿ ಮತ್ತ), ಥ್ರಾಟಲ್ ಪೂರಾ ತಿರಗಿತು, ಆ ಕೇಬಲ್ ಮಾತ್ರ ಬೆರಳಿಲೆ ಎತ್ತಿದ್ರ ಅರಬಿ ಒಣಾ ಹಾಕೂ ಹಗ್ಗದಂಗ ಜೋತ ಬಿದ್ದಿತ್ತು. ಎರಡು ನಟ್ಟು, ಹತ್ತು ನಿಮಿಷದ ಕೆಲಸ. ಸಡಲ ಇದ್ರ ಗೇರ್ ಲಗೂನ ಬದಲಾಗತಾವ ಮತ್ತ ಏರಿನ್ಯಾಗ ಜಾರತಾವ, ಭಾಳ ಬಿಗಿ ಆದ್ರ ತಡಾ ಆಗಿ ಧಡ್ ಅಂತ ಬೀಳತಾವ. ಎಷ್ಟು ಬಿಗಿ ಅನ್ನೂದು ಗಾಡಿ ಮ್ಯಾನುವಲ್ಲಿನ್ಯಾಗ ಇರತೈತಿ, ಹಳೇ ಟೊಯೋಟಾಗಳೊಳಗ ಪೂರಾ ಥ್ರಾಟಲ್ ಒತ್ತಿದಾಗ ರಬ್ಬರ್ ಬೂಟಿಗೂ ಸ್ಟಾಪರಿಗೂ ನಡುವ 0 ದಿಂದ 1 ಮಿಲಿಮೀಟರ್. ಅಂದಾಜಿಲೆ ಮಾಡಬ್ಯಾಡ್ರಿ.

ಕೇಬಲ್ಲೂ ಬರೋಬ್ಬರಿ ಐತಿ ಅಂದ್ರ ಯಾವ ಗೇರಿನ್ಯಾಗ ಜಾರತೈತಿ ಅಂತ ಒಂದು ಹಾಳಿಮ್ಯಾಲ ಬರಕೋರಿ, ಮಿಸ್ತ್ರಿಗೆ ಇದು ಭಾಳ ಉಪಯೋಗ. ಡಿ (ಡ್ರೈವ್) ಒಳಗ ನಿಂತಲ್ಲಿಂದ ಏಳೂವಾಗ ಜಾರತೈತಿ, ಎಲ್ ಗೆ ಹಾಕಿದ್ರ ಚೊಲೋ ಎಳೀತೈತಿ ಅಂದ್ರ ಭಾಳ ಸಲ ಒನ್ ವೇ ಕ್ಲಚ್ (ಒಂದ ಕಡೆ ಅಷ್ಟ ತಿರಗಾಕ ಬಿಡೂದು) ಹೋಗಿರತೈತಿ ಇಲ್ಲಾ ಉಲ್ಟಾ ಹಾಕಿರ್ತಾರ. ರಿವರ್ಸ್ ಅಷ್ಟ ಜಾರಿದ್ರ ರಿವರ್ಸಿಗೆ ಹಿಡಿಯೂ ಕ್ಲಚ್ಚು, ಅದರ ಪ್ಲೇಟ್ ಒತ್ತೂ ಪಿಸ್ಟನ್ನಿನ ಸೀಲು ನೋಡ್ರಿ. ಎಲ್ಲಾ ಗೇರೂ ಜಾರಿದ್ರ ಪ್ಲೇಟ್ ಮ್ಯಾಲ ಸಂಶೇ ಪಡಬ್ಯಾಡ್ರಿ, ಪಂಪು, ಫಿಲ್ಟರಿನ ಓ ರಿಂಗು, ಪ್ರೆಶರ್ ರೆಗ್ಯುಲೇಟರ್ ವಾಲ್ವ್ ಇವನ್ನ ನೋಡ್ರಿ, ಅದರಾಗ ಕುಂಯ್ ಅಂತ ಸಪ್ಪಳಾನೂ ಬಂದ್ರ ಫಿಲ್ಟರ್ ಕಡೆಯಿಂದ ಗಾಳಿ ಎಳೀಯಾಕತ್ತಿರಬೇಕು. ಥಂಡಿ ಇದ್ದಾಗ ಚೊಲೋ, ಬಿಸಿ ಆದ ಮ್ಯಾಲ ಜಾರತೈತಿ ಅಂದ್ರ ಎಣ್ಣಿ ತೆಳ್ಳಗಾಗಿ ಸೀಲ್ ದಾಟಿ ಸೋರತೈತಿ ಅಂತ.

ಇದನ್ನ ಖಾತ್ರಿ ಮಾಡಾಕ ಪ್ರೆಶರ್ ಗೇಜ್ ಬೇಕು. ಬಾಕ್ಸಿನ ಮ್ಯಾಲ ಅದಕ್ಕಂತನ ಒಂದು ಪ್ಲಗ್ ಇರತೈತಿ, ಬಿಚ್ಚಿ ಗೇಜ್ ಹಾಕಿ ಮ್ಯಾನುವಲ್ಲಿನ ಅಂಕಿ ಜೋಡಿ ತಾಳೆ ನೋಡೂದು. ಗೇಜ್ ಇಲ್ಲದ ಗ್ಯಾರೇಜು "ಪ್ಲೇಟ್ ಹೋಗ್ಯಾವ" ಅಂದ್ರ ಅದು ಬರೇ ಅಂದಾಜು. ಸ್ಟಾಲ್ ಟೆಸ್ಟ್ ಅಂತ ಇನ್ನೊಂದು ಐತಿ, ಹ್ಯಾಂಡ್ ಬ್ರೇಕ್, ಕಾಲಿನ ಬ್ರೇಕ್ ಎರಡೂ ಒತ್ತಿ ಗೇರ್ ಹಾಕಿ ಪೂರಾ ರೇಸ್ ಕೊಡೂದು, 5 ಸೆಕೆಂಡಿನ ಮ್ಯಾಲ ಒತ್ತಬ್ಯಾಡ್ರಿ, ಮುಂದ ಯಾರೂ ನಿಂದ್ರಬಾರದು. ಆರ್‌ಪಿಎಂ (ಎಂಜಿನ್ ತಿರಗೂ ವೇಗ) ಮ್ಯಾನುವಲ್ಲಿನ್ಯಾಗ ಹೇಳಿದ್ದಕ್ಕಿಂತ ಜಾಸ್ತಿ ಏರಿದ್ರ ಕ್ಲಚ್ ಜಾರಾಕತ್ತೈತಿ, ಕಮ್ಮಿ ಆದ್ರ ಎಂಜಿನ್ನ ಸೊರಗೇತಿ ಇಲ್ಲಾ ಕನ್ವರ್ಟರ್ ಒಳಗಿನ ಒನ್ ವೇ ಕ್ಲಚ್ ಹೋಗೇತಿ. ಹೊಸಾ ಪ್ಲೇಟಿನ ಬಾಕ್ಸಿಗೆ ನಾನಂತೂ ಇದನ್ನ ಕಡೀಕ ಇಡ್ತೇನಿ.

ಕಂಪ್ಯೂಟರ್ ಇದ್ದ ಗಾಡಿ ಆದ್ರ ಸ್ಕ್ಯಾನರ್ ಹಚ್ರಿ. ಪಿ 0730 ಅನ್ನೂ ಕೋಡ್ ಬಂದ್ರ ಗೇರ್ ರೇಶಿಯೋ ತಪ್ಪಾಕತ್ತೈತಿ, ಪಿ 0741 ಬಂದ್ರ ಕನ್ವರ್ಟರ್ ಲಾಕ್ ಆಗವಲ್ದು. ಹೊಸಾ ಬಾಕ್ಸ್ ಆದಮ್ಯಾಲ ಕಂಪ್ಯೂಟರ್ ಹಳೇ ಬಾಕ್ಸಿಗೆ ಹೊಂದಿ ಕಲತಿಟ್ಟದ್ದನ್ನ (ಲರ್ನಿಂಗ್) ರೀಸೆಟ್ ಮಾಡ್ಯಾರೋ ಇಲ್ಲೋ ಅದನ್ನೂ ಕೇಳ್ರಿ.

ಇಷ್ಟ ನೋಡಿದ ಮ್ಯಾಲೂ ಇಳಸೂದ ಆದ್ರ, ಬಿಚ್ಚೂವಾಗ ನೀವು ಅಲ್ಲೇ ಕುಂದರ್ರಿ. ಹೊಸಾ ಪ್ಲೇಟನ್ನ ಹಾಕೂಕಿಂತ ಮದ್ಲ ಬಾಕ್ಸಿಗೆ ಹಾಕೂ ಎಣ್ಣಿಯೊಳಗ ಅರ್ಧಾ ಒಂದು ತಾಸರ ನೆನೆಸಬೇಕು, ಒಣಾ ಪ್ಲೇಟ್ ಹಾಕಿದ್ರ ಮದ್ಲನೇ ದಿನಾನ ಸುಡತಾವ. ಕ್ಲಚ್ ಕೂಡಿಸಿದ ಮ್ಯಾಲ ಗಾಳಿ ಬಿಟ್ಟು ಪಿಸ್ಟನ್ ಟಕ್ ಅಂತ ಎದ್ದು ಹಿಡಿತೈತೇನು ಅಂತ ತೋರಸಾಕ ಹೇಳ್ರಿ, ಬರೇ ಸುಸ್ ಅಂದ್ರ ಸೀಲ್ ಕಟ್ ಆಗೇತಿ. ಕೂಲರ್ ಪೈಪ್ ತೊಳೀದಿದ್ರ ಹಳೇ ಕಬ್ಬಿಣದ ಪುಡಿ ಹೊಳ್ಳಿ ವಾಲ್ವ್ ಬಾಡಿಗೆ (ಎಣ್ಣೀನ ಯಾವ ಕ್ಲಚ್ಚಿಗೆ ಕಳಸಬೇಕಂತ ನಡಸೂ ಭಾಗಕ್ಕ) ಬರತೈತಿ. ಕನ್ವರ್ಟರನ್ನ ಪಂಪಿನೊಳಗ ಪೂರಾ ಕುಂಡ್ರಸಬೇಕು, ತಿರುವತಾ ಒತ್ತಿದ್ರ ಒಂದಾದ ಮ್ಯಾಲ ಒಂದು ಹಲ್ಲು ಸೇರಿ ಒಳಗ ಸರಿಯೂದು ಕೈಗೆ ತಿಳಿತೈತಿ. ಕುಂಡ್ರದ ಬೋಲ್ಟ್ ಬಿಗಿದು ಎಳದ್ರ ಪಂಪ್ ಒಡೀತೈತಿ. ಹಳೇ ಪ್ಲೇಟ್ ನಿಮ್ಮ ಕೈಯಾಗ ಕೊಡಾಕ ಹೇಳಿ ಮನಿಗೆ ತರ್ರಿ, ಮುಂದಿನ ಸಲ ಮಾತಾಡಾಕ ಬೇಕಾಗತಾವ.