ಮೇಣದ ಜಾಕೆಟ್ ಇಟ್ಟುಕೊಂಡವರಿಗೆ ಕೆಲವು ಮಾತು

ಮೇಣ ಹಿಡಿಸಿದ ಹತ್ತಿ ಬಟ್ಟೆಯ ಜಾಕೆಟನ್ನು ಮನೆಗೆ ತಂದವರು ಮೊದಲು ಮಾಡಬೇಕಾದ ಕೆಲಸವೆಂದರೆ, ಅದು ಎಂದಿಗೂ ಒಗೆಯುವ ಬಟ್ಟೆಗಳ ರಾಶಿಗೆ ಸೇರದಂತೆ ಮನೆಯವರಿಗೆಲ್ಲ ತಿಳಿಸಿ ಹೇಳುವುದು. ಈ ಬಟ್ಟೆ ಮಳೆಯನ್ನು ತಡೆಯುವುದು ನೇಯ್ಗೆಯ ಬಲವೊಂದರಿಂದಲೇ ಅಲ್ಲ. ಒತ್ತಾಗಿ ನೇಯ್ದ ನೂಲಿನ ಸಂದುಗಳಲ್ಲಿ ಕುಳಿತ ಮೇಣವು ನೀರಿಗೆ ದಾರಿ ಬಿಡದಿರುವುದರಿಂದ. ಬಿಸಿನೀರು, ಸೋಪು, ವಾಷಿಂಗ್ ಮೆಷಿನ್, ಡ್ರೈಕ್ಲೀನ್, ಬಟ್ಟೆ ಒಣಗಿಸುವ ಯಂತ್ರ, ಇಸ್ತ್ರಿಪೆಟ್ಟಿಗೆ, ಇವುಗಳಲ್ಲಿ ಯಾವುದು ತಾಗಿದರೂ ಮೇಣಕ್ಕೆ ಕೇಡು. ಒಮ್ಮೆ ಮೆಷಿನ್ನಿನಲ್ಲಿ ತಿರುಗಿ ಬಂದ ಜಾಕೆಟಿಗೆ ಹೊಸದಾಗಿ ಮೇಣ ಹಚ್ಚಿದರೂ ಅದು ಮೊದಲಿನಂತೆ ಸಮನಾಗಿ ಹಿಡಿಯುವುದಿಲ್ಲ. ಬೇರೆ ಬಟ್ಟೆಗಳನ್ನು ತೊಳೆದು ಕಾಪಾಡುತ್ತೇವೆ. ಇದನ್ನು ತೊಳೆಯದೆ ಕಾಪಾಡಬೇಕು.

ಇದರ ಹುಟ್ಟನ್ನು ತಿಳಿದರೆ ಆರೈಕೆಯ ಕ್ರಮವೂ ಅರ್ಥವಾಗುತ್ತದೆ. ಬ್ರಿಟನ್ನಿನ ನಾವಿಕರು ಹಾಯಿಬಟ್ಟೆಗೆ ಮೊದಲು ಮೀನೆಣ್ಣೆಯನ್ನೂ ಆಮೇಲೆ ಅಗಸೆ ಎಣ್ಣೆಯನ್ನೂ ಸವರುತ್ತಿದ್ದರು ಮತ್ತು ಸವೆದ ಹಾಯಿಗಳನ್ನೇ ಕತ್ತರಿಸಿ ಮೇಲಂಗಿ ಹೊಲಿದುಕೊಳ್ಳುತ್ತಿದ್ದರು. ಅಗಸೆ ಎಣ್ಣೆಯ ಬಟ್ಟೆ ಕಾಲಕ್ರಮೇಣ ಹಳದಿಗೆ ತಿರುಗುತ್ತಿತ್ತು, ಚಳಿಗೆ ಸೆಟೆದು ನಿಲ್ಲುತ್ತಿತ್ತು. 1930ರ ದಶಕದಲ್ಲಿ ಪ್ಯಾರಾಫಿನ್ ಮೇಣದ ಬಟ್ಟೆ ಬಂದ ಮೇಲೆ ಈ ಕಷ್ಟ ತಪ್ಪಿತು. 1894ರಲ್ಲಿ ಸೌತ್ ಶೀಲ್ಡ್ಸ್ ಎಂಬ ಬಂದರು ಪಟ್ಟಣದಲ್ಲಿ ಆರಂಭವಾದ ಬಾರ್ಬರ್ ಸಂಸ್ಥೆ ನಾವಿಕರಿಗೂ ಮೀನುಗಾರರಿಗೂ ಉಡುಪು ಒದಗಿಸುತ್ತಾ ಬೆಳೆಯಿತು. 1924ರಲ್ಲಿ ಶುರುವಾದ ಇನ್ನೊಂದು ಸಂಸ್ಥೆ ಬೆಲ್‌ಸ್ಟಾಫ್ ಮೋಟಾರ್‌ಸೈಕಲ್ ಸವಾರರಲ್ಲಿ ಹೆಸರಾಯಿತು. ಇಂದು ಹೆಚ್ಚಾಗಿ ಕಾಣುವ ಬಾರ್ಬರ್ ಜಾಕೆಟುಗಳಲ್ಲಿ ಬೀಡೇಲ್ ಎಂಬುದು 1980ರಲ್ಲಿಯೂ ಬೋಫರ್ಟ್ ಎಂಬುದು 1983ರಲ್ಲಿಯೂ ಬಂದವು. ಬೀಡೇಲ್ ಕುದುರೆ ಸವಾರರಿಗೆಂದು ಮಾಡಿದ ಗಿಡ್ಡ ಜಾಕೆಟ್. ಬೋಫರ್ಟ್ ಅದಕ್ಕಿಂತ ಉದ್ದ, ಬೇಟೆಯನ್ನು ಇಟ್ಟುಕೊಳ್ಳಲು ಅದರ ಬೆನ್ನ ಕಡೆ ದೊಡ್ಡದೊಂದು ಜೇಬಿದೆ. ಹಳೆಯ ವಿಧಾನವೇ ಶ್ರೇಷ್ಠವೆಂದು ನಂಬಿ ಮನೆಯಲ್ಲಿ ಅಗಸೆ ಎಣ್ಣೆ ಬೆರೆಸಿ ಲೇಪ ತಯಾರಿಸುವವರು ಈಗಲೂ ಇದ್ದಾರೆ. ಬಟ್ಟೆ ಸೆಟೆಯುವುದಿರಲಿ, ಅಗಸೆ ಎಣ್ಣೆ ಹೀರಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ಒಣಗುವಾಗ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಇಂಥ ಸಾಹಸ ಬೇಡವೆಂದೇ ನನ್ನ ಸಲಹೆ.

ಕೊಳ್ಳುವಾಗ ಒಳಗೊಂದು ದಪ್ಪ ಸ್ವೆಟರ್ ತೊಟ್ಟುಕೊಂಡು ಅದರ ಮೇಲೆ ಜಾಕೆಟ್ ಹಾಕಿ ನೋಡಬೇಕು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಾಗ ಬೆನ್ನು ಬಿಗಿಯಬಾರದು, ತೋಳಿನ ತುದಿ ಮಣಿಕಟ್ಟಿಗಿಂತ ಬಹಳ ಮೇಲೇರಬಾರದು. ಹೊಸದರಲ್ಲಿ ಬಟ್ಟೆ ಬಿರುಸಾಗಿರುತ್ತದೆ, ತೊಡುತ್ತಾ ಹೋದಂತೆ ಮೈಗೆ ಒಗ್ಗುತ್ತದೆ. ಬಳಸಿದ ಜಾಕೆಟನ್ನು ಕೊಳ್ಳುವವರು ಹೊರಗಿನ ಬಣ್ಣ ಮಾಸಿದೆಯೆಂದು ಹಿಂಜರಿಯದೆ, ತೋಳಿನ ಅಂಚು, ಜೇಬಿನ ಬಾಯಿ, ಕಂಕುಳ ಹೊಲಿಗೆ, ಒಳಗಿನ ಲೈನಿಂಗ್ ಇವುಗಳನ್ನು ತಿರುವಿ ನೋಡುವುದು ಮೇಲು. ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದಾಗ ಸ್ವಲ್ಪವೂ ಜಿಗುಟು ಇಲ್ಲದೆ ಸಾಮಾನ್ಯ ಹತ್ತಿಬಟ್ಟೆಯಂತೆಯೇ ಅನಿಸಿದರೆ ಅದನ್ನು ಯಾರೋ ಒಗೆದಿರುವ ಸಂಭವವುಂಟು.

ತೊಡುವಾಗಲೂ ಕೆಲವು ಎಚ್ಚರಿಕೆಗಳಿವೆ. ಹೊಸ ಮೇಣ ತಿಳಿಬಣ್ಣದ ಬಟ್ಟೆಗೆ, ಸೋಫಾಕ್ಕೆ, ಕಾರಿನ ಸೀಟಿಗೆ ಅಂಟುತ್ತದೆ; ಬೇರೆಯವರ ಮನೆಗೆ ಹೋದಾಗ ಅದನ್ನು ಕುರ್ಚಿಯ ಬೆನ್ನಿಗೆ ಹಾಕುವ ಬದಲು ಬಾಗಿಲ ಬಳಿ ತೂಗುಹಾಕುವುದು ಸೌಜನ್ಯ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಮೇಣ ಕರಗಿ ಒಂದೆಡೆ ಸೇರಿಕೊಳ್ಳುತ್ತದೆ. ಉರಿಯುವ ಬೆಂಕಿಯ ತೀರ ಹತ್ತಿರ ಇದನ್ನು ತೊಟ್ಟು ಕೂರಬಾರದು. ಹೆಗಲಿಗೆ ಹಾಕುವ ಚೀಲದ ಪಟ್ಟಿ ಅದೇ ಜಾಗವನ್ನು ಉಜ್ಜುತ್ತಿರುವುದರಿಂದ ಅಲ್ಲಿ ಮೇಣ ಬೇಗ ಸವೆಯುತ್ತದೆ, ಆದ್ದರಿಂದ ಹೆಗಲು ಬದಲಿಸುತ್ತಿರಬೇಕು. ಇನ್ನು ಚಂದಕ್ಕೆಂದು ಎದೆಯ ಮೇಲೆ ಪಿನ್ನು ಚುಚ್ಚುವವರಿಗೆ ಏನು ಹೇಳುವುದು! ಪ್ರತಿ ಚುಚ್ಚೂ ನೀರಿಗೆ ಒಂದು ಕಿಂಡಿ. ಕಂಕುಳಲ್ಲಿ ಕಾಣುವ ಲೋಹದ ಬಳೆಯ ಸಣ್ಣ ತೂತುಗಳು ಮಾತ್ರ ಬೆವರಿನ ಆವಿ ಹೊರಹೋಗಲೆಂದೇ ಇಟ್ಟವು; ಅವನ್ನು ಮುಚ್ಚಲು ಹೋಗಬೇಡಿ.

ಕೆಸರಾದರೆ ಹಸಿಯಿರುವಾಗ ಉಜ್ಜದೆ ಪೂರ್ತಿ ಒಣಗಲು ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ, ಉಳಿದದ್ದನ್ನು ತಣ್ಣೀರಿನಲ್ಲಿ ಹಿಂಡಿದ ಸ್ಪಂಜಿನಿಂದ ಒರೆಸಿದರೆ ಸಾಕು. ಲೈನಿಂಗನ್ನೂ ಹಾಗೆಯೇ ತಣ್ಣೀರಿನ ಸ್ಪಂಜಿನಿಂದ ಒರೆಸಬಹುದು. ನೆನೆದ ಜಾಕೆಟನ್ನು ಅಗಲ ಹೆಗಲಿನ ಹ್ಯಾಂಗರಿಗೆ ಹಾಕಿ ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಅವಸರಕ್ಕೆ ಹೀಟರಿನ ಮುಂದೆ ಹಿಡಿಯಬಾರದು. ಇದಕ್ಕೊಂದು ವಾಸನೆ ಇದ್ದೇ ಇರುತ್ತದೆ, ಅದಕ್ಕೆ ಅತ್ತರು ಸಿಂಪಡಿಸಿ ಪ್ರಯೋಜನವಿಲ್ಲ.

ಇನ್ನು ಮುಖ್ಯವಾದ ಕೆಲಸ, ಮತ್ತೆ ಮೇಣ ಹಚ್ಚುವುದು. ಪದೇ ಪದೇ ತೊಡುವವರು ವರ್ಷಕ್ಕೊಮ್ಮೆ ಹಚ್ಚಬೇಕಾದೀತು, ಅಪರೂಪಕ್ಕೆ ತೊಡುವವರು ಇನ್ನೂ ತಡೆಯಬಹುದು. ತಿಂಗಳ ಲೆಕ್ಕಕ್ಕಿಂತ ಬಟ್ಟೆಯನ್ನೇ ಕೇಳುವುದು ಒಳ್ಳೆಯದು: ನಾಲ್ಕು ಹನಿ ನೀರು ಚಿಮುಕಿಸಿದಾಗ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋದರೆ ಮೇಣ ಇದೆ, ಅಲ್ಲೇ ಇಂಗಿ ಬಟ್ಟೆ ಕಪ್ಪಾದರೆ ಮೇಣ ಮುಗಿದಿದೆ. ಮೊಣಕೈ ಮಡಿಕೆ, ಹೆಗಲು, ತೋಳಿನ ತುದಿ, ಜೇಬಿನ ಮುಚ್ಚಳ ಇಲ್ಲೆಲ್ಲ ಬಣ್ಣ ಬಿಳಚಿಕೊಂಡಂತೆ ಕಾಣತೊಡಗಿದರೆ ಅದೂ ಸೂಚನೆಯೇ. ಆ ಬಟ್ಟೆಗೆಂದೇ ಮಾಡಿದ ಮೇಣ ಡಬ್ಬಿಯಲ್ಲಿ ಸಿಗುತ್ತದೆ. ಸಾಧ್ಯವಾದರೆ ಜಾಕೆಟ್ ತಯಾರಿಸಿದ ಸಂಸ್ಥೆಯದನ್ನೇ ಕೊಳ್ಳಿ. ದೀಪದ ಮೇಣದಬತ್ತಿ ಇದಕ್ಕಾಗದು, ಅದು ಗಟ್ಟಿಯಾಗಿ ಮಡಿಕೆಗಳಲ್ಲಿ ಬಿರಿದು ಉದುರುತ್ತದೆ.

ಮೊದಲು ಜೇಬುಗಳನ್ನು ಬರಿದು ಮಾಡಿ, ಮೇಲೆ ಹೇಳಿದಂತೆ ಒರೆಸಿ, ಜಾಕೆಟ್ ಪೂರ್ತಿ ಒಣಗಿದ ಮೇಲೆಯೇ ಆರಂಭಿಸಬೇಕು, ಏಕೆಂದರೆ ತೇವದ ಮೇಲೆ ಮೇಣ ಹಿಡಿಯುವುದಿಲ್ಲ. ಮೇಜಿನ ಮೇಲೆ ಹಳೆಯ ಕಾಗದ ಹಾಸಿಕೊಳ್ಳಿ. ಡಬ್ಬಿಯನ್ನು ನೇರವಾಗಿ ಒಲೆಯ ಮೇಲಿಡದೆ, ಮುಚ್ಚಳ ತೆಗೆದು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಮೇಣ ಕರಗಿ ತಿಳಿಯಾಗುವವರೆಗೆ ಕಾಯಬೇಕು, ನೀರು ಆರಿದರೆ ಬದಲಿಸಬೇಕು. ಸ್ಪಂಜನ್ನು ಅದ್ದಿ ಒಂದೊಂದೇ ಭಾಗಕ್ಕೆ ತೆಳುವಾಗಿ, ಒತ್ತಿ ತಿಕ್ಕುತ್ತಾ ಹೋಗಿ. ಹೊಲಿಗೆಗಳ ಉದ್ದಕ್ಕೂ ಎರಡನೆಯ ಸಲ ಎಳೆಯಿರಿ, ಏಕೆಂದರೆ ಸೂಜಿ ಹೋದಲ್ಲೆಲ್ಲ ತೂತಿರುತ್ತದೆ ಮತ್ತು ಮಳೆ ಮೊದಲು ನುಗ್ಗುವುದೂ ಅಲ್ಲಿಂದಲೇ. ಕಾರ್ಡುರಾಯ್ ಕಾಲರಿಗೆ, ಜೇಬಿನ ಒಳಗೆ, ಲೈನಿಂಗಿಗೆ ಮೇಣ ತಾಗಕೂಡದು. ಇಷ್ಟಾದ ಮೇಲೆ ಹೇರ್ ಡ್ರೈಯರ್ ಹಿಡಿದು ನಿಧಾನವಾಗಿ ಗಾಳಿ ಆಡಿಸುತ್ತಾ ಬಂದರೆ, ಬೆಳ್ಳಗೆ ಗಟ್ಟಿಯಾಗಿ ನಿಂತಿದ್ದ ಮೇಣದ ಗೆರೆಗಳು ಕಣ್ಣೆದುರಿಗೇ ಕರಗಿ ನೂಲಿನೊಳಗೆ ಇಳಿಯುವುದನ್ನೂ, ಮಾಸಿದ ಹಸಿರು ಗಾಢವಾಗುವುದನ್ನೂ ಕಾಣಬಹುದು. ಈ ಕೆಲಸದ ಖುಷಿ ಇರುವುದೇ ಇಲ್ಲಿ. ಹೆಚ್ಚಾದದ್ದನ್ನು ಒಣಬಟ್ಟೆಯಿಂದ ಒರೆಸಿಬಿಡಿ. ಹೆಚ್ಚು ಹಚ್ಚಿದರೆ ಹೆಚ್ಚು ರಕ್ಷಣೆ ಎಂಬುದು ತಪ್ಪು ಲೆಕ್ಕ, ಜಿಗುಟು ಮೇಣಕ್ಕೆ ಧೂಳು ಕೂರುತ್ತದೆ ಅಷ್ಟೆ. ಬೇರೆ ಬಟ್ಟೆಗಳಿಗೆ ತಾಗದಂತೆ ಕನಿಷ್ಠ ಒಂದು ಹಗಲು ಒಂದು ರಾತ್ರಿ ತೂಗುಹಾಕಿದ ನಂತರವೇ ತೊಡಬೇಕು.

ತೊಡದ ಕಾಲದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿಟ್ಟರೆ ಬೂಷ್ಟು ಬರುವುದು ಖಂಡಿತ. ಹತ್ತಿಬಟ್ಟೆಯ ಹೊದಿಕೆ ಹಾಕಿ, ಸುತ್ತ ಗಾಳಿಯಾಡುವಂತೆ ತೂಗುಹಾಕಿ, ಆಗಾಗ ಹೊರಗೆ ತೆಗೆಯಬೇಕು. ಬೂಷ್ಟು ಕಂಡರೆ ಮನೆಯ ಹೊರಗೆ ಬ್ರಷ್ ಮಾಡಿ, ನೀರು ಬೆರೆಸಿದ ವಿನೆಗರಿನಿಂದ ಒರೆಸಿ ಒಣಗಿಸಿ, ಆ ಜಾಗಕ್ಕೆ ಮೇಣ ಹಚ್ಚಿದರಾಯಿತು. ಜಿಪ್ ಬಿಗಿಯಾದರೆ ಹಲ್ಲುಗಳಿಗೆ ಮೇಣದಬತ್ತಿಯನ್ನು ಉಜ್ಜಿ. ಅದು ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. ಮುಳ್ಳಿಗೆ ಸಿಕ್ಕಿ ಹರಿದ ಸಣ್ಣ ಜಾಗವನ್ನು ಬೆಳೆಯಲು ಬಿಡದೆ ಅದೇ ಬಗೆಯ ಬಟ್ಟೆಯ ತೇಪೆ ಹಾಕಿಸಿ, ಹೊಲಿಗೆಯ ಮೇಲೆ ಮೇಣ ಎಳೆಯಬೇಕು. ದೊಡ್ಡ ದುರಸ್ತಿಗೆ, ಮೇಣ ಹಚ್ಚಿಸುವುದಕ್ಕೆ ತಯಾರಕರಿಗೇ ಕಳುಹಿಸುವ ಸೌಲಭ್ಯವೂ ಇದೆ. ಬಾರ್ಬರ್ ಸಂಸ್ಥೆ ಸೌತ್ ಶೀಲ್ಡ್ಸ್‌ನಲ್ಲಿ ಈ ಕೆಲಸವನ್ನು ಇಂದಿಗೂ ಮಾಡುತ್ತದೆ. ಚಳಿ ಶುರುವಾಗುವ ಹೊತ್ತಿಗೆ ಎಲ್ಲರಿಗೂ ತಮ್ಮ ಜಾಕೆಟಿನ ನೆನಪಾಗುತ್ತದೆ. ನೀವು ಬೇಸಿಗೆಯಲ್ಲೇ ಕಳುಹಿಸಿಬಿಡಿ.